ಸತ್ತವನ ಕಡೆಯಿಂದ ಒಂದು ಹಾಡು

ಕಾಗುಣಿತದ ಒಂದು ತಪ್ಪಿನಿಂದ ಈ ಲೇಖನವನ್ನು ಆರಂಭಿಸಬೇಕಾಗಿದೆ. ಅಮೆರಿಕದ ಈಶಾನ್ಯದ ತುದಿಯಲ್ಲಿ ಮೇನ್ ಎಂಬ ಸಂಸ್ಥಾನವಿದೆ. ಅಲ್ಲಿ ಓರಿಂಗ್ಟನ್ ಎಂಬುದೊಂದು ಸಣ್ಣ ಊರು. ಆ ಊರಿನ ಒಂದು ಮನೆಯ ಹಿಂದಣ ಕಾಡಿನಲ್ಲಿ ನೆರೆಹೊರೆಯ ಮಕ್ಕಳು, ರಸ್ತೆಯ ಲಾರಿಗಳಿಗೆ ಸಿಕ್ಕಿ ಸತ್ತ ತಮ್ಮ ನಾಯಿ ಬೆಕ್ಕುಗಳನ್ನು ತಾವೇ ಹೂಳಿ, ತಾವೇ ಒಂದು ಹಲಗೆಯನ್ನೂ ಬರೆದು ಹಾಕಿದ್ದರು: 'ಪೆಟ್ ಸೆಮೆಟರಿ', ಎಂದರೆ ಸಾಕಿದ ಪ್ರಾಣಿಗಳ ಶ್ಮಶಾನ. ಇಂಗ್ಲಿಷಿನಲ್ಲಿ ಶ್ಮಶಾನಕ್ಕಿರುವ ಆ ಶಬ್ದ 'ಸಿ' ಎಂಬ ಅಕ್ಷರದಿಂದ ಮೊದಲಾಗಬೇಕು. ಮಕ್ಕಳು ಕಿವಿಗೆ ಕೇಳಿಸಿದಂತೆ 'ಎಸ್' ಹಾಕಿ, ನಡುವಣ ಸ್ವರವನ್ನೂ ತಮಗೆ ತೋಚಿದಂತೆ ಬರೆದುಬಿಟ್ಟರು. ಮುಂಬಯಿಯಲ್ಲಿಯೋ ದಿಲ್ಲಿಯಲ್ಲಿಯೋ ಹುಟ್ಟಿ ಬೆಳೆದು, ಭಾನುವಾರದ ತರಗತಿಯಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳು 'ಶ್ಮಶಾನ'ವನ್ನು 'ಸ್ಮಸಾಣ' ಎಂದು ಬರೆದರೆ ಹೇಗೋ ಹಾಗೆ. ನಾವಾಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆವು. ಆದರೆ ಆ ಹಲಗೆ ಬಿದ್ದದ್ದು ಒಬ್ಬ ಕಾದಂಬರಿಕಾರನ ಕಣ್ಣಿಗೆ. ಆತ ತಿದ್ದಲಿಲ್ಲ; ತಪ್ಪನ್ನು ತಪ್ಪಾಗಿಯೇ ಎತ್ತಿ ತನ್ನ ಪುಸ್ತಕಕ್ಕೆ ಹೆಸರಾಗಿ ಇಟ್ಟುಕೊಂಡ. ಪುಸ್ತಕ ಚಲನಚಿತ್ರವಾಯಿತು. ಚಿತ್ರಕ್ಕೆ ಒಂದು ಹಾಡು ಬಂತು. ನಾನು ಹೇಳಹೊರಟಿರುವುದು ಆ ಹಾಡಿನ ವಿಷಯ.

ದೆವ್ವದ ಚಿತ್ರ, ಅದಕ್ಕೊಂದು ರಾಕ್ ಹಾಡು; ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಮನೆಯ ಹುಡುಗರು ಕೋಣೆಯ ಕದ ಮುಚ್ಚಿಕೊಂಡು ಇಂಥ ಹಾಡುಗಳನ್ನು ಕೇಳುವಾಗ ಹೊರಗಿನಿಂದ ನಮಗೆ ಕೇಳಿಸುವುದು ಗದ್ದಲ. ಗದ್ದಲವೇನೋ ಹೌದು, ಅಲ್ಲವೆಂದು ವಾದಿಸಲಾರೆ. ಆದರೆ ಈ ಗದ್ದಲದ ಒಳಗೆ ಇರುವ ಮಾತು ಹುಡುಗರಿಗಿಂತ ಹೆಚ್ಚಾಗಿ ತಂದೆತಾಯಂದಿರಿಗೆ ಸಂಬಂಧಪಟ್ಟದ್ದು.

ಕಾದಂಬರಿಕಾರನ ಹೆಸರು ಸ್ಟೀಫನ್ ಕಿಂಗ್. ಭಯಾನಕ ಕಥೆಗಳನ್ನು ಬರೆದು ಲೋಕಪ್ರಸಿದ್ಧನಾದವನು. 1978ರಲ್ಲಿ, ತಾನು ಓದಿದ ಮೇನ್ ವಿಶ್ವವಿದ್ಯಾಲಯದಲ್ಲಿಯೇ ಒಂದು ವರ್ಷ ಪಾಠ ಹೇಳುವುದಕ್ಕೆಂದು ಬಂದು, ಓರಿಂಗ್ಟನ್ನಿನಲ್ಲಿ ಒಂದು ಮನೆಯನ್ನು ಬಾಡಿಗೆಗೆ ಹಿಡಿದ. ಮನೆ ಚೆನ್ನಾಗಿತ್ತು, ಸುತ್ತಲೂ ಹಸಿರು, ಮಕ್ಕಳಿಗೆ ಆಡಲು ಬಯಲು. ತೊಂದರೆ ಒಂದೇ: ಮನೆಯ ಮುಂದೆಯೇ ರಸ್ತೆ, ಆ ರಸ್ತೆಯಲ್ಲಿ ಹಗಲೂ ರಾತ್ರಿ ಭಾರಿ ಲಾರಿಗಳು. ಕೆಲವು ಕಾಲದ ಮೇಲೆ ಮಗಳು ನಯೋಮಿಯ ಬೆಕ್ಕು, ಸ್ಮಕಿ ಎಂದು ಅದರ ಹೆಸರು, ರಸ್ತೆಯ ಅಂಚಿನಲ್ಲಿ ಸತ್ತು ಬಿದ್ದಿತ್ತು. ಅದನ್ನು ಆ ಮಕ್ಕಳ ಶ್ಮಶಾನದಲ್ಲಿಯೇ ಹೂಳಿದರು. ಮುಂದೆ ಒಂದು ಸಂಜೆ ಕೊಟ್ಟಿಗೆಯಂಥ ಜಾಗದಿಂದ ಪಟಪಟನೆ ಸದ್ದು ಕೇಳಿ ಹೋಗಿ ನೋಡಿದರೆ, ಪೆಟ್ಟಿಗೆಗಳಿಗೆ ಸುತ್ತುವ ಗಾಳಿಗುಳ್ಳೆಯ ಹಾಳೆಯ ಮೇಲೆ ಆ ಹುಡುಗಿ ಕುಣಿಕುಣಿದು ತುಳಿಯುತ್ತ, ಆ ಬೆಕ್ಕು ನನ್ನದು, ದೇವರಿಗೆ ಬೇಕಾದರೆ ತನ್ನದೇ ಒಂದು ಬೆಕ್ಕನ್ನು ಇಟ್ಟುಕೊಳ್ಳಲಿ ಎಂಬ ಅರ್ಥದ ಮಾತನ್ನು ಕೂಗಿ ಕೂಗಿ ಹೇಳುತ್ತಿದ್ದಳಂತೆ. ನಚಿಕೇತ ಯಮನ ಮನೆಗೆ ಹೋಗಿ ಕೇಳಿದ ಪ್ರಶ್ನೆಗಿಂತ ಇದು ಕಡಿಮೆಯದೆಂದು ನನಗೆ ತೋರುವುದಿಲ್ಲ. ಸಾವಿನ ವಿಷಯದಲ್ಲಿ ಮಕ್ಕಳು ವಿನಯ ತೋರುವುದಿಲ್ಲ. ವಿನಯವೆಲ್ಲ ದೊಡ್ಡವರು ಕಲಿಸಿದ ಮೇಲೆ ಬರುವುದು.

ಬೆಕ್ಕಿನ ಜೊತೆಗೆ ಇದು ಮುಗಿದಿದ್ದರೆ ಕಾದಂಬರಿ ಹುಟ್ಟುತ್ತಿರಲಿಲ್ಲ. ಆಗಿನ್ನೂ ಎರಡು ವರ್ಷದ ಆಸುಪಾಸಿನಲ್ಲಿದ್ದ ಕಿಂಗನ ಕಿರಿಯ ಮಗ ಒಂದು ದಿನ ಅದೇ ರಸ್ತೆಯ ಕಡೆಗೆ ಓಡತೊಡಗಿದ. ಲಾರಿ ಬರುತ್ತಿತ್ತು. ಮಗು ಉಳಿಯಿತು. ಆದರೆ ತಂದೆಯ ತಲೆಯಲ್ಲಿ, ಉಳಿಯದಿದ್ದರೆ ಎಂಬ ಒಂದು ಮಾತು ಉಳಿದುಬಿಟ್ಟಿತು.

ಆ ಮಾತಿನ ವಿಸ್ತಾರವೇ ಕಾದಂಬರಿ. ಲೂಯಿ ಕ್ರೀಡ್ ಎಂಬ ವೈದ್ಯ ಹೆಂಡತಿ ಮಕ್ಕಳೊಡನೆ ಇಂಥದೇ ಒಂದು ಮನೆಗೆ ಬರುತ್ತಾನೆ. ಮಕ್ಕಳ ಆ ಶ್ಮಶಾನದಾಚೆ, ಕಾಡಿನ ಇನ್ನೂ ಒಳಗೆ, ಮಿಕ್‌ಮಾಕ್ ಎಂಬ ಆದಿವಾಸಿಗಳು ಕೈಬಿಟ್ಟ ಹಳೆಯ ಶ್ಮಶಾನವೊಂದುಂಟು. ಅಲ್ಲಿ ಹೂಳಿದ್ದು ಎದ್ದು ಬರುತ್ತದೆ. ಮೊದಲು ಮಗಳ ಬೆಕ್ಕನ್ನು ಹೂಳುತ್ತಾನೆ. ಬೆಕ್ಕು ಬರುತ್ತದೆ, ಆದರೆ ಹೋದ ಬೆಕ್ಕಲ್ಲ, ನಾರುವ, ಕಚ್ಚುವ, ಕೆಟ್ಟ ಕಣ್ಣಿನ ಇನ್ನೇನೋ ಒಂದು. ಆಮೇಲೆ ಪುಟ್ಟ ಮಗ ಗೇಜ್ ಲಾರಿಗೆ ಸಿಗುತ್ತಾನೆ. ಬೆಕ್ಕು ಏನಾಗಿ ಬಂತೆಂದು ಕಣ್ಣಾರೆ ಕಂಡಿದ್ದ ತಂದೆ, ಎಲ್ಲವನ್ನೂ ತಿಳಿದೂ ತಿಳಿದೂ, ಹೂತ ಮಗನನ್ನು ರಾತ್ರೋರಾತ್ರಿ ಅಗೆದು ತೆಗೆದು ಹೆಗಲ ಮೇಲೆ ಹೊತ್ತು ಆ ಕಾಡಿಗೆ ನಡೆಯುತ್ತಾನೆ. ಓದುವವರಿಗೆ ಭಯ ಹುಟ್ಟುವುದು ಎದ್ದು ಬರುವ ಹೆಣದಿಂದಲ್ಲ. ಆ ಜಾಗದಲ್ಲಿ ತಾನಿದ್ದರೂ ಹಾಗೆಯೇ ಮಾಡುತ್ತಿದ್ದೆನಲ್ಲ ಎಂಬ ತಿಳಿವಿನಿಂದ.

ಕಥೆಯ ಬೇರು ಹಳೆಯದು. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ 'ಮಂಕೀಸ್ ಪಾ', ಎಂದರೆ ಕಪಿಯ ಪಂಜ, ನಮ್ಮಲ್ಲಿ ಎಷ್ಟೋ ಮಂದಿ ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿದ್ದುಂಟು. ಮೂರು ವರಗಳನ್ನು ಕೊಡುವ ಒಣಗಿದ ಪಂಜ. ಮೊದಲ ವರದಿಂದ ಇನ್ನೂರು ಪೌಂಡು ಹಣ ಬರುತ್ತದೆ, ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ! ತಾಯಿಯ ಒತ್ತಾಯಕ್ಕೆ ಮಣಿದು ತಂದೆ ಎರಡನೆಯ ವರದಿಂದ ಮಗನನ್ನು ಬೇಡುತ್ತಾನೆ. ರಾತ್ರಿ ಬಾಗಿಲು ಬಡಿಯುತ್ತದೆ. ಮಗ ಯಾವ ರೂಪದಲ್ಲಿ ಬಂದಿರಬಹುದೆಂದು ಊಹಿಸಿದ ತಂದೆ, ಬಾಗಿಲು ತೆರೆಯುವುದರೊಳಗೆ ಮೂರನೆಯ ವರವನ್ನು ಬಳಸಿಬಿಡುತ್ತಾನೆ. ಆ ಪಂಜಕ್ಕೆ ಮಂತ್ರ ಹಾಕಿದವನು ನಮ್ಮ ದೇಶದ ಒಬ್ಬ ಮುದಿ ಫಕೀರ, ವಿಧಿಯನ್ನು ಮೀರಹೊರಟವರಿಗೆ ದುಃಖವೇ ಗತಿಯೆಂದು ತೋರಿಸಲಿಕ್ಕೆ ಹಾಗೆ ಮಾಡಿದ ಎಂದು ಜೇಕಬ್ಸ್ ಹೇಳುತ್ತಾನೆ. ಬ್ರಿಟಿಷರ ಕಥೆಗಳಲ್ಲಿ ಹಾವು, ಮಾಟ, ಫಕೀರ ಇವೆಲ್ಲ ಹಿಂದುಸ್ಥಾನದಿಂದಲೇ ರಫ್ತಾಗಬೇಕು. ಅದು ಆ ಕಾಲದ ಪದ್ಧತಿ. ಜೇಕಬ್ಸನ ತಂದೆಗೆ ಮೂರನೆಯ ವರವಿತ್ತು. ಕಿಂಗನ ತಂದೆಗೆ ಅದಿಲ್ಲ.

ಬರೆದು ಮುಗಿಸಿದ ಮೇಲೆ ಕಿಂಗನಿಗೇ ಇದು ಸಹಿಸಲಿಲ್ಲ. ಇಷ್ಟು ಘೋರವಾದದ್ದನ್ನು ಅಚ್ಚು ಹಾಕಿಸಬಾರದೆಂದು ಹಸ್ತಪ್ರತಿಯನ್ನು ಪೆಟ್ಟಿಗೆಯ ಮೇಜಿನೊಳಗೆ ತಳ್ಳಿಬಿಟ್ಟ. ಕೊನೆಗೆ ಹಳೆಯ ಪ್ರಕಾಶಕರಾದ ಡಬಲ್‌ಡೇ ಸಂಸ್ಥೆಗೆ ಕರಾರಿನ ಪ್ರಕಾರ ಇನ್ನೊಂದು ಪುಸ್ತಕ ಕೊಡಬೇಕಾಗಿ ಬಂದು, 1983ರಲ್ಲಿ ಅದು ಹೊರಬಿತ್ತು. ಹೊರಬಿದ್ದೊಡನೆ ಲಕ್ಷಗಟ್ಟಲೆ ಮಾರಾಟವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಆ ಕಾದಂಬರಿಯಲ್ಲಿ ಒಂದು ಸಣ್ಣ ಸಂಗತಿ ಇದೆ. ಮಗನ ಗೋರಿಯನ್ನು ಅಗೆಯುವ ಮುನ್ನ ಲೂಯಿ ಕ್ರೀಡ್ ಒಂದು ವಸತಿಗೃಹದಲ್ಲಿ ಇಳಿದುಕೊಳ್ಳುತ್ತಾನೆ. ಕಳ್ಳ ಕೆಲಸಕ್ಕೆ ಹೊರಟವನು ನಿಜವಾದ ಹೆಸರನ್ನು ಬರೆಯಲಾದೀತೆ? ಪುಸ್ತಕದಲ್ಲಿ ಸುಳ್ಳು ಹೆಸರು ಬರೆಯುತ್ತಾನೆ: ಡೀ ಡೀ ರಮೋನ್. ಕಿಂಗ್ ರಾಕ್ ಸಂಗೀತದ ಹುಚ್ಚನಾದ್ದರಿಂದ ತನಗೆ ಪ್ರಿಯವಾದ ಒಬ್ಬ ವಾದ್ಯಗಾರನ ಹೆಸರನ್ನು ತಮಾಷೆಗೆಂದು ಅಲ್ಲಿ ಇಟ್ಟ. ಆರು ವರ್ಷದ ಮೇಲೆ ಇದೇ ಕಥೆಗೆ ಹಾಡು ಬರೆಯುವವನು ಅದೇ ಡೀ ಡೀ ರಮೋನ್ ಆಗುವನೆಂದು ಕಾದಂಬರಿಕಾರನೂ ಬಲ್ಲವನಾಗಿರಲಿಲ್ಲ.

ರಮೋನ್ಸ್ ಎಂಬ ಆ ತಂಡದ ಪರಿಚಯ ಇಲ್ಲಿ ಸ್ವಲ್ಪ ಬೇಕು. 1974ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಬಡಾವಣೆಯ ನಾಲ್ವರು ಹುಡುಗರು ಸೇರಿ ಕಟ್ಟಿದ್ದು. ಜೋಯಿ, ಜಾನಿ, ಡೀ ಡೀ, ಟಾಮಿ. ನಾಲ್ವರೂ 'ರಮೋನ್' ಎಂಬ ಒಂದೇ ಅಡ್ಡಹೆಸರನ್ನು ಇಟ್ಟುಕೊಂಡರು. ಅಣ್ಣತಮ್ಮಂದಿರಲ್ಲ, ದಾಯಾದಿಗಳೂ ಅಲ್ಲ. ಮುಂದೆ ಯಾರಾದರೂ ಬಿಟ್ಟುಹೋಗಿ ಅವರ ಜಾಗಕ್ಕೆ ಬೇರೆಯವರು ಬಂದರೆ ಅವರೂ ರಮೋನ್ ಆಗಿಬಿಡುತ್ತಿದ್ದರು. ದತ್ತಕಕ್ಕೆ ಬಂದ ಮಗನಿಗೆ ಮನೆತನದ ಹೆಸರು ಹತ್ತುವ ಹಾಗೆ. ಆ ಕಾಲದ ರಾಕ್ ಸಂಗೀತ ಬಹಳ ಆಡಂಬರಕ್ಕೆ ಏರಿತ್ತು; ಒಂದೊಂದು ಹಾಡು ಅರ್ಧ ಗಂಟೆ, ನಡುವೆ ಗಿಟಾರಿನ ಪಾಂಡಿತ್ಯ ಪ್ರದರ್ಶನ. ಇವರು ಅದೆಲ್ಲವನ್ನೂ ಗುಡಿಸಿ ಹಾಕಿದರು. ಹಾಡೊಂದಕ್ಕೆ ಎರಡು ನಿಮಿಷ, ಮೂರೋ ನಾಲ್ಕೋ ಸ್ವರಮೇಳ, ಯಾರೂ ಕಲಿತು ಹಾಡಬಹುದಾದ ಧಾಟಿ, ಉಸಿರು ಕಟ್ಟುವ ವೇಗ. 1976ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ 14 ಹಾಡುಗಳಿದ್ದವು. ಎಲ್ಲ ಸೇರಿ 29 ನಿಮಿಷ. ಪಂಕ್ ಎಂದು ಲೋಕ ಕರೆದ ಸಂಗೀತದ ಮೂಲಪುರುಷರು ಇವರೇ. ಹೆಸರು ಬಂತು, ಹಣ ಬರಲಿಲ್ಲ. ಲಂಡನ್ನಿನಲ್ಲಿ ಇವರನ್ನು ಕೇಳಿ ತಂಡ ಕಟ್ಟಿದವರು ಶ್ರೀಮಂತರಾದರು. ಇವರು ಮಾತ್ರ ವ್ಯಾನಿನಲ್ಲಿ ಊರಿಂದೂರಿಗೆ ಅಲೆಯುತ್ತ, 22 ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಚೇರಿಗಳನ್ನು ಮಾಡಿದರು. ಹಾಡುವ ಜೋಯಿಗೂ ಗಿಟಾರಿನ ಜಾನಿಗೂ ವರ್ಷಗಟ್ಟಲೆ ಮಾತಿರಲಿಲ್ಲ. ಒಂದೇ ವ್ಯಾನು, ಒಂದೇ ವೇದಿಕೆ, ಮಾತಿಲ್ಲ. ನಮ್ಮ ಕೂಡುಕುಟುಂಬಗಳನ್ನು ಕಂಡವರಿಗೆ ಇದೇನೂ ಆಶ್ಚರ್ಯವಲ್ಲ.

ಮಂದ್ರದ ಗಿಟಾರು ನುಡಿಸುವ ಡೀ ಡೀಯೇ ತಂಡದ ಮುಖ್ಯ ಹಾಡುಗಾರಿಕೆಯ ಬೇರು, ಎಂದರೆ ಹಾಡು ಕಟ್ಟುವವನು. ಹುಟ್ಟಿದ್ದು 1951ರಲ್ಲಿ, ಡಗ್ಲಸ್ ಕಾಲ್ವಿನ್ ಎಂಬ ಹೆಸರಿನಿಂದ. ತಂದೆ ಅಮೆರಿಕದ ಸೈನಿಕ. ಬಾಲ್ಯವೆಲ್ಲ ಜರ್ಮನಿಯಲ್ಲಿ ಕಳೆಯಿತು. ಹದಿಹರೆಯದಲ್ಲಿಯೇ ಮಾದಕ ದ್ರವ್ಯದ ಚಟ ಅಂಟಿತು. ಬಿಡುವುದು, ಮತ್ತೆ ಹಿಡಿಯುವುದು, ಮತ್ತೆ ಬಿಡುವುದು. ಅವನ ಆಯುಷ್ಯದ ಲೆಕ್ಕವನ್ನು ಹೀಗೆಯೇ ಬರೆಯಬೇಕು.

1988ರಲ್ಲಿ ಕಾದಂಬರಿ ಚಿತ್ರವಾಗತೊಡಗಿತು. ಚಿತ್ರಕಥೆಯನ್ನು ಕಿಂಗ್ ತಾನೇ ಬರೆದ. ಮೇನ್ ಸಂಸ್ಥಾನದಲ್ಲಿಯೇ ಚಿತ್ರೀಕರಣವಾಗಬೇಕೆಂದು ಪಟ್ಟು ಹಿಡಿದ. ಶವಸಂಸ್ಕಾರದ ದೃಶ್ಯದಲ್ಲಿ ಪಾದ್ರಿಯ ಪಾತ್ರದಲ್ಲಿ ತಾನೇ ಕಾಣಿಸಿಕೊಂಡ. ನಿರ್ದೇಶಿಸಿದವಳು ಮೇರಿ ಲ್ಯಾಂಬರ್ಟ್. ಮಡೋನಾಳ ಹಾಡುಗಳಿಗೆ ಕಿರುಚಿತ್ರಗಳನ್ನು ಮಾಡಿ ಹೆಸರು ಪಡೆದಿದ್ದವಳು. ಹಾಡಿಗೆ ರಮೋನ್ಸ್ ಎಂದಾಯಿತು. ತಂಡದವರ ಬಳಗದಲ್ಲಿ ನಡೆದುಬಂದ ಕಥೆಯ ಪ್ರಕಾರ, ಅವರು ಮೇನ್ ಕಡೆಗೆ ಹೋಗಿದ್ದಾಗ ಕಿಂಗ್ ಬ್ಯಾಂಗರ್ ಪಟ್ಟಣದ ತನ್ನ ಮನೆಗೆ ಊಟಕ್ಕೆ ಕರೆದು, ಡೀ ಡೀಯ ಕೈಗೆ ಕಾದಂಬರಿಯ ಪ್ರತಿಯೊಂದನ್ನು ಕೊಟ್ಟನಂತೆ. ಡೀ ಡೀ ಅದನ್ನು ಹಿಡಿದು ನೆಲಮಾಳಿಗೆಗೆ ಇಳಿದನಂತೆ. ಒಂದು ಗಂಟೆಯಲ್ಲಿ ಸಾಹಿತ್ಯ ಬರೆದುಕೊಂಡು ಮೇಲೆ ಬಂದನಂತೆ. ಭಯಾನಕ ಕಥೆಗಾರನ ಮನೆಯ ನೆಲಮಾಳಿಗೆಯಲ್ಲಿ ಶ್ಮಶಾನದ ಹಾಡು ಹುಟ್ಟಿತೆಂದರೆ, ಕೇಳುವುದಕ್ಕೆ ಸೊಗಸಾಗಿಯೇ ಇದೆ. ದಾಖಲೆಯ ಮಾತು ಹೇಳುವುದಾದರೆ ಹಾಡಿನ ಕರ್ತೃಗಳು ಇಬ್ಬರು: ಡೀ ಡೀ ಮತ್ತು ಅವನ ಗೆಳೆಯ ಡೇನಿಯಲ್ ರೇ. 1989ರ ಮೇ ತಿಂಗಳಲ್ಲಿ ಬಂದ 'ಬ್ರೇನ್ ಡ್ರೇನ್' ಎಂಬ ಧ್ವನಿಮುದ್ರಿಕೆಯಲ್ಲಿ ಅದು ಸೇರಿತು. ಅವರ ವಾಡಿಕೆಗೆ ಮೀರಿ ಮೂರೂವರೆ ನಿಮಿಷದ ಹಾಡು, ವೇಗವೂ ತಗ್ಗಿದೆ, ಹಿಂದೆ ಕೀಲಿಮಣೆಯ ಸ್ವರದ ತೆಳು ಹೊದಿಕೆಯಿದೆ, ಜೋಯಿಯ ಮೂಗಿನ ದನಿಯಲ್ಲಿ ಎಂದೂ ಇರದಿದ್ದ ಒಂದು ಗಾಂಭೀರ್ಯವಿದೆ.

ಇನ್ನು ಹಾಡಿನ ಅರ್ಥಕ್ಕೆ ಬರೋಣ.

ಭಯಾನಕ ಚಿತ್ರಕ್ಕೆ ಕುಣಿತದ ಹಾಡು ಕಟ್ಟುವುದು ಆ ದೇಶದಲ್ಲಿ ಹೊಸದಲ್ಲ. 1958ರ 'ದಿ ಬ್ಲಾಬ್' ಎಂಬ ಚಿತ್ರದಲ್ಲಿ, ಆಕಾಶದಿಂದ ಬಿದ್ದು ಸಿಕ್ಕಿದವರನ್ನೆಲ್ಲ ನುಂಗಿ ಬೆಳೆಯುವ ಅಂಟಿನ ಮುದ್ದೆಯ ಮೇಲೆ ಬರ್ಟ್ ಬ್ಯಾಕರಾಕ್ ಮತ್ತು ಮ್ಯಾಕ್ ಡೇವಿಡ್ ಒಂದು ತುಂಟ ಹಾಡು ಮಾಡಿದ್ದರು. ಅದು ಆಕಾಶವಾಣಿಯಲ್ಲಿ ಓಡಿ ಚಿತ್ರಕ್ಕೆ ಜನ ತಂದಿತು. 1986ರಲ್ಲಿ 'ಫ್ರೈಡೇ ದಿ ಥರ್ಟೀಂತ್' ಚಿತ್ರಮಾಲೆಯ ಆರನೆಯ ಭಾಗಕ್ಕೆ ಆಲಿಸ್ ಕೂಪರ್ ಹಾಡಿದ. ಮರುವರ್ಷ 'ಎಲ್ಮ್ ಸ್ಟ್ರೀಟ್' ಮಾಲೆಯ ಮೂರನೆಯದಕ್ಕೆ ಡಾಕನ್ ಎಂಬ ತಂಡ ಹಾಡಿತು. ಹಾಡು ದೂರದರ್ಶನದಲ್ಲಿ ಬಂದರೆ ಚಿತ್ರಕ್ಕೆ ಜಾಹೀರಾತು, ಚಿತ್ರ ಓಡಿದರೆ ಹಾಡಿಗೆ ಜಾಹೀರಾತು. ವ್ಯಾಪಾರ ಸರಿಯಾಗಿಯೇ ಇತ್ತು. ಈ ಹಾಡುಗಳನ್ನು ಸಾಲಾಗಿಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ರಾಕ್ಷಸ ಬರುತ್ತಾನೆ ಎಚ್ಚರ ಎಂದೋ, ಬಂದರೆ ಎದುರಿಸುತ್ತೇವೆ ಎಂದೋ ಅವು ಹೇಳುತ್ತವೆ. ಹೇಳುವವನು ಯಾವಾಗಲೂ ಬದುಕಿರುವವನು.

ಭಾರತದ ಚಿತ್ರಗಳಲ್ಲಿ ಹಾಡುವುದು ಭೂತವೇ. 1949ರಲ್ಲಿ ಮುಂಬಯಿಯ ಬಾಂಬೆ ಟಾಕೀಸ್ ತಯಾರಿಸಿದ 'ಮಹಲ್' ಚಿತ್ರದಲ್ಲಿ ಕಾಣದ ದನಿಯೊಂದು ಪಾಳು ಬಂಗಲೆಯಲ್ಲಿ ನಾಯಕನನ್ನು ಕರೆಯುತ್ತದೆ; ಆ ಒಂದು ಹಾಡಿನಿಂದ ಲತಾ ಮಂಗೇಶ್ಕರ್ ಮನೆಮಾತಾದರು. ಕನ್ನಡಿಗರಿಗೆ ಇನ್ನೂ ಹತ್ತಿರದ್ದು 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್, ಲಕ್ಷ್ಮಿ, ರಾಜನ್‌–ನಾಗೇಂದ್ರರ ಸಂಗೀತ. ಊರಿನಲ್ಲಿ ಆ ಚಿತ್ರ ನೋಡಿ ರಾತ್ರಿ ಒಬ್ಬರೇ ಹಿತ್ತಿಲಿಗೆ ಹೋಗಲು ಹೆದರಿದವರು ಈಗಲೂ ನಮ್ಮ ನಡುವೆ ಇದ್ದಾರೆ. ಚಿತ್ರದ ಹೆಸರೇ ಭೂತದ ಮಾತು. ಸತ್ತವಳು ಬದುಕಿರುವವನನ್ನು ಹಿಡಿದುಕೊಂಡು, ಬಿಡಲಾರೆ ಎನ್ನುತ್ತಾಳೆ.

ಈಗ ರಮೋನ್ಸ್ ಹಾಡನ್ನು ಕೇಳಿ. ನಡುನಡುವೆ ತಣ್ಣನೆಯ ಗಾಳಿ, ತೋಳದ ಕೂಗು, ಎಲುಬುಗೂಡಿನ ಕುಣಿತ, ಇಂಥ ಚಿತ್ರಗಳ ವಾಡಿಕೆಯ ಸಾಮಗ್ರಿಯೆಲ್ಲ ಉಂಟು, ಅದರಲ್ಲಿ ವಿಶೇಷವೇನಿಲ್ಲ. ಆದರೆ ಮತ್ತೆ ಮತ್ತೆ ಮರಳಿ ಬರುವ ಪಲ್ಲವಿಯಲ್ಲಿ ಮಾತಾಡುವವನು ಯಾರು? ಹೆದರಿದ ಊರವನಲ್ಲ, ಹೆದರಿಸುವ ದೆವ್ವವೂ ಅಲ್ಲ. ಹೂಳಿಸಿಕೊಳ್ಳಬೇಕಾದವನು. ಆ ಶ್ಮಶಾನದಲ್ಲಿ ನನ್ನನ್ನು ಹೂಳುವುದು ಬೇಡ, ಈ ಬಾಳನ್ನು ಇನ್ನೊಮ್ಮೆ ಬಾಳುವುದು ನನಗೆ ಬೇಡ ಎಂದು ಅವನು ಬೇಡಿಕೊಳ್ಳುತ್ತಿದ್ದಾನೆ. ಕಾದಂಬರಿಯ ನಾಲ್ಕುನೂರು ಚಿಲ್ಲರೆ ಪುಟಗಳಲ್ಲಿ ತಂದೆಯ ಸಂಕಟವನ್ನು ಕಿಂಗ್ ಒಳಹೊಕ್ಕು ಬರೆದಿದ್ದಾನೆ. ಹೆಂಡತಿಯ ಭಯ, ಮಗಳ ಕನಸು, ನೆರೆಮನೆಯ ಮುದುಕನ ಪಶ್ಚಾತ್ತಾಪ ಎಲ್ಲಕ್ಕೂ ಅಲ್ಲಿ ಬಾಯಿದೆ. ಬಾಯಿಲ್ಲದವನು ಒಬ್ಬನೇ, ಯಾರಿಗಾಗಿ ಇಷ್ಟೆಲ್ಲ ನಡೆಯುತ್ತದೆಯೋ ಅವನು. ಮಗುವನ್ನು ಹೊತ್ತು ಕಾಡಿಗೆ ನಡೆಯುವ ತಂದೆ, ನಿನಗೆ ಬರಬೇಕೆಂದಿದೆಯೆ ಮಗೂ ಎಂದು ಕೇಳಲಾರ. ಕೇಳಿದರೂ ಹೆಣ ಉತ್ತರ ಕೊಡಲಾರದು. ಆ ಕೇಳದೆ ಹೋದ ಪ್ರಶ್ನೆಗೆ ನೆಲಮಾಳಿಗೆಯಲ್ಲಿ ಕುಳಿತ ಒಬ್ಬ ಪಂಕ್ ವಾದ್ಯಗಾರ ಉತ್ತರ ಬರೆದುಕೊಟ್ಟ. ನಮ್ಮ ಚಿತ್ರದಲ್ಲಿ 'ನಾ ನಿನ್ನ ಬಿಡಲಾರೆ' ಎನ್ನುವುದು ಭೂತ. ಕಿಂಗನ ಕಥೆಯಲ್ಲಿ ಆ ಮಾತನ್ನು ಆಡುವವನು ಬದುಕಿರುವ ತಂದೆ. ಬಿಟ್ಟುಬಿಡಿ ಎನ್ನುವವನು ಸತ್ತವನು. ಯಾರು ಯಾರನ್ನು ಕಾಡುತ್ತಿದ್ದಾರೆ ಎಂಬುದೇ ಇಲ್ಲಿ ತಿರುಗಿಬಿಟ್ಟಿದೆ.

ಇದು ದೂರದ ಊರುಗಳಲ್ಲಿ ನೆಲೆಸಿದ ನಮ್ಮಂಥವರಿಗೆ ಇನ್ನಷ್ಟು ತಾಕುತ್ತದೆಂದು ತೋರುತ್ತದೆ. ಊರಿನಿಂದ ಸುದ್ದಿ ಬಂದು, ಸಿಕ್ಕ ರೈಲೋ ಬಸ್ಸೋ ಹಿಡಿದು ಓಡಿದರೆ, ಅಂಗಳದಲ್ಲಿ ಚಪ್ಪರದ ಗಳುಗಳಷ್ಟೆ ಉಳಿದಿರುವ ಅನುಭವ ಎಷ್ಟೋ ಮನೆಗಳಿಗೆ ಉಂಟು. ಕಾಯುವುದಕ್ಕಾಗಲಿಲ್ಲ ಎನ್ನುತ್ತಾರೆ ಊರವರು. ಮುಖವನ್ನು ಒಂದು ಸಲ ನೋಡಬೇಕಿತ್ತು, ಒಂದು ಮಾತು ಬಾಕಿಯಿತ್ತು, ಐದು ನಿಮಿಷ ಎದ್ದು ಕೂತಿದ್ದರೆ ಸಾಕಿತ್ತು ಎಂದು ಮನಸ್ಸು ವರ್ಷಗಟ್ಟಲೆ ಚೌಕಾಶಿ ಮಾಡುತ್ತದೆ. ಆ ಚೌಕಾಶಿಯಲ್ಲಿ ನಾವು ಕೇಳುವುದೆಲ್ಲ ನಮಗೆ ಬೇಕಾದ್ದು. ಹತ್ತು ವರ್ಷ ಹಾಸಿಗೆ ಹಿಡಿದು ನರಳಿದ ಮುದುಕಿಗೆ ಐದು ನಿಮಿಷಕ್ಕಾದರೂ ಆ ಮೈಯೊಳಕ್ಕೆ ಹಿಂದಿರುಗುವ ಇಷ್ಟವಿದೆಯೇ ಎಂಬುದು ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಡನ್ನು ಚಿತ್ರದಲ್ಲಿ ಎಲ್ಲಿ ಇಟ್ಟಿದ್ದಾರೆಂಬುದನ್ನೂ ನೋಡಬೇಕು. ನಡುವೆ ಎಲ್ಲಿಯೂ ಅದು ಬರುವುದಿಲ್ಲ. ಅಲ್ಲಿಯ ಹಿನ್ನೆಲೆ ಸಂಗೀತ ಎಲಿಯಟ್ ಗೋಲ್ಡನ್‌ತಾಲನದು, ಮಕ್ಕಳ ದನಿಗಳನ್ನು ಬೆರೆಸಿದ ನಡುಕದ ಸಂಗೀತ. ಮಗನಿಂದಲೂ ಬುದ್ಧಿ ಕಲಿಯದ ತಂದೆ ಕೊನೆಗೆ ಸತ್ತ ಹೆಂಡತಿಯನ್ನೂ ಅಲ್ಲಿಯೇ ಹೂಳಿ ಬಂದು ಅಡಿಗೆಮನೆಯಲ್ಲಿ ಕಾಯುತ್ತ ಕೂರುತ್ತಾನೆ. ಅವಳು ಬರುತ್ತಾಳೆ. ಅಪ್ಪಿಕೊಳ್ಳುತ್ತಾನೆ. ಅವಳ ಕೈ ಮೇಜಿನ ಮೇಲಿನ ಚೂರಿಯನ್ನು ಹುಡುಕುತ್ತದೆ. ತೆರೆ ಕಪ್ಪಾಗುತ್ತದೆ, ಒಂದು ಚೀತ್ಕಾರ, ಒಡನೆಯೇ ಗಿಟಾರು. ಹೆಸರುಗಳು ಏರುತ್ತಿರುವಾಗ, ಜನ ಆಸನಗಳಿಂದ ಏಳುತ್ತಿರುವಾಗ, ಆ ಬೇಡಿಕೆ ಕೇಳುತ್ತದೆ. ಬೇಡ ಎನ್ನುವ ಮಾತು ಎಲ್ಲ ಮುಗಿದ ಮೇಲೆ ಬರುತ್ತದೆ.

ಇನ್ನೊಂದು ಜಾಗದಲ್ಲಿಯೂ ರಮೋನ್ಸ್ ದನಿ ಚಿತ್ರದಲ್ಲಿ ಕೇಳಿಸುತ್ತದೆ. ಮಗು ರಸ್ತೆಯತ್ತ ಓಡುವ ಗಳಿಗೆಯಲ್ಲಿ, ಬರುತ್ತಿರುವ ಲಾರಿಯ ಚಾಲಕ ಗಾಡಿಯೊಳಗೆ ಅವರದೇ 1977ರ ಹಳೆಯ ಹಾಡೊಂದನ್ನು ಹಾಕಿಕೊಂಡು ತಲೆದೂಗುತ್ತಿರುತ್ತಾನೆ. ಕೆಟ್ಟವನಲ್ಲ ಪಾಪ, ಹಾಡಿನ ಗುಂಗು. ಮಗುವನ್ನು ಕೊಲ್ಲುವ ಲಾರಿಯಲ್ಲಿಯೂ ಅದೇ ತಂಡ, ಕೊನೆಯಲ್ಲಿ ಮಗುವಿನ ಪರವಾಗಿ ಬೇಡುವುದೂ ಅದೇ ತಂಡ. ಇದನ್ನು ಬೇಕೆಂದೇ ಮಾಡಿದರೋ ಒದಗಿ ಬಂತೋ, ನೋಡಿದವರ ಎದೆ ಹಿಂಡುವುದಂತೂ ನಿಜ.

1989ರ ಏಪ್ರಿಲ್ 21ರಂದು ಚಿತ್ರ ಬಿಡುಗಡೆಯಾಯಿತು. ವಿಮರ್ಶಕರು ಮೂಗು ಮುರಿದರು, ಜನ ಮುಗಿಬಿದ್ದರು. ಸುಮಾರು 1 ಕೋಟಿ 15 ಲಕ್ಷ ಡಾಲರಿನಲ್ಲಿ ಆದ ಚಿತ್ರ ಅಮೆರಿಕದಲ್ಲಿಯೇ 5 ಕೋಟಿ 70 ಲಕ್ಷದಷ್ಟು ತಂದಿತು. ಹಾಡು 'ಬಿಲ್‌ಬೋರ್ಡ್' ಪತ್ರಿಕೆಯ ಆಧುನಿಕ ರಾಕ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಹದಿನೈದು ವರ್ಷ ಅಲೆದ ತಂಡಕ್ಕೆ ಸ್ವದೇಶದಲ್ಲಿ ಅಷ್ಟು ಗೆಲುವು ಹಿಂದೆ ಬಂದದ್ದಿಲ್ಲ. ಅದೇ ಹಾಡಿಗೆ ಇನ್ನೊಂದು ಮನ್ನಣೆಯೂ ಬಂತು. ವರ್ಷದ ಅತಿ ಕೆಟ್ಟ ಚಿತ್ರಗಳಿಗೆ ತಮಾಷೆಯ ಬಹುಮಾನ ಕೊಡುವ ರಾಝಿ ಎಂಬ ಸಂಸ್ಥೆಯೊಂದಿದೆ. ಅವರು ಅತಿ ಕೆಟ್ಟ ಹಾಡೆಂದು ಹೆಸರಿಸಿದ ಮೂರರಲ್ಲಿ ಇದೂ ಒಂದು. ಸ್ವಾರಸ್ಯವೆಂದರೆ ಮೂರೂ ಭಯಾನಕ ಚಿತ್ರಗಳ ಹಾಡುಗಳೇ. ಬಹುಮಾನ ಸಿಕ್ಕಿದ್ದು 'ಎಲ್ಮ್ ಸ್ಟ್ರೀಟ್' ಮಾಲೆಯ ಐದನೆಯ ಚಿತ್ರಕ್ಕೆ ಬ್ರೂಸ್ ಡಿಕಿನ್ಸನ್ ಮಾಡಿದ ಹಾಡಿಗೆ. ಅದೇ ಹಾಡನ್ನು ಅವನ ಐರನ್ ಮೇಡನ್ ತಂಡ ಮತ್ತೆ ಹಾಡಿದಾಗ, 1991ರ ಜನವರಿಯಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಅದು ಒಂದನೆಯ ಸ್ಥಾನಕ್ಕೆ ಹೋಗಿ ಕೂತಿತು! ತೀರ್ಪುಗಾರರ ಗತಿ ಎಲ್ಲೆಲ್ಲಿಯೂ ಇಷ್ಟೇ.

ಹಾಡಿಗಾಗಿ ಒಂದು ಕಿರುಚಿತ್ರವನ್ನೂ ತೆಗೆದರು, 1989ರ ಜನವರಿಯ ಚಳಿಯಲ್ಲಿ, ನ್ಯೂಯಾರ್ಕ್ ಸಂಸ್ಥಾನದ ಸ್ಲೀಪಿ ಹಾಲೋ ಶ್ಮಶಾನದಲ್ಲಿ. ತಲೆಯಿಲ್ಲದ ಸವಾರನ ಕಥೆ ಬರೆದ ವಾಷಿಂಗ್ಟನ್ ಇರ್ವಿಂಗ್‌ನ ಸಮಾಧಿ ಇರುವುದು ಅಲ್ಲಿಯೇ. ರಾತ್ರಿ, ದೀಪಗಳು, ಗೋರಿಗಳ ನಡುವೆ ವಾದ್ಯ ನುಡಿಸುತ್ತ ನಿಂತ ನಾಲ್ವರು ಕಪ್ಪು ಅಂಗಿಯವರು. ಹಾಡು ಮುಗಿಯುವ ಹೊತ್ತಿಗೆ ಅವರು ನಿಂತ ವೇದಿಕೆಯೇ ಗುಂಡಿಯೊಳಕ್ಕೆ ಇಳಿಯುತ್ತದೆ. ಮೇಲೆ ತಂಡದ ಹೆಸರಿನ ಕಲ್ಲು. ಆಗ ಅದೊಂದು ವಿನೋದ. ಈಗ ನೋಡುವಾಗ ಹಾಗೆ ಅನ್ನಿಸುವುದಿಲ್ಲ. ಡೀ ಡೀ ಅದೇ ವರ್ಷ ತಂಡ ಬಿಟ್ಟ; ಬಿಟ್ಟ ಮೇಲೂ ಅವರಿಗೆ ಹಾಡು ಬರೆದುಕೊಡುತ್ತಿದ್ದ. 1996ರ ಆಗಸ್ಟಿನಲ್ಲಿ ತಂಡ ಕೊನೆಯ ಕಚೇರಿ ಮಾಡಿ ಮುಗಿಸಿತು. ಜೋಯಿ 2001ರಲ್ಲಿ, ಜಾನಿ 2004ರಲ್ಲಿ, ಟಾಮಿ 2014ರಲ್ಲಿ, ಮೂವರೂ ಅರ್ಬುದ ರೋಗದಿಂದ ಹೋದರು. ಮೊದಲ ನಾಲ್ವರಲ್ಲಿ ಈಗ ಒಬ್ಬರೂ ಇಲ್ಲ. 2019ರಲ್ಲಿ ಕಾದಂಬರಿಯನ್ನು ಮತ್ತೆ ಚಿತ್ರ ಮಾಡಿದಾಗ ಹಾಡನ್ನು ಸ್ಟಾರ್‌ಕ್ರಾಲರ್ ಎಂಬ ಹೊಸ ತಂಡದಿಂದ ಹಾಡಿಸಬೇಕಾಯಿತು. ಚೆನ್ನಾಗಿಯೇ ಹಾಡಿದ್ದಾರೆ, ಎದ್ದು ಬಂದ ಬೆಕ್ಕು ನೆನಪಾಯಿತೆಂದರೆ ಅದು ನನ್ನ ವಯಸ್ಸಿನ ದೋಷವಿರಬಹುದು.

ಡೀ ಡೀಯ ಸರದಿ ಬಂದದ್ದು 2002ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ರಾಕ್ ಸಂಗೀತದ ಕೀರ್ತಿಶಾಲೆಗೆ ತಂಡವನ್ನು ಸೇರಿಸಿಕೊಂಡು ಗೌರವಿಸಿದರು. ಜೂನ್ 5ರಂದು ಹಾಲಿವುಡ್ಡಿನ ಮನೆಯಲ್ಲಿ, ಹಳೆಯ ವಿಷವೇ ಅತಿಯಾಗಿ, ಅವನು ಸತ್ತು ಬಿದ್ದಿದ್ದ. ಐವತ್ತು ವರ್ಷ. ಅವನ ನೆಲಮಾಳಿಗೆಯ ಆ ಒಂದು ಗಂಟೆಯನ್ನು ನೆನೆದಾಗಲೆಲ್ಲ, ಈ ಬಾಳು ಇನ್ನೊಮ್ಮೆ ಬೇಡ ಎಂಬ ಮಾತು ಕಿಂಗನ ಕಾದಂಬರಿಯಿಂದ ಬಂದದ್ದಲ್ಲವೆಂದೇ ನನಗೆ ಅನಿಸುತ್ತದೆ.

ಅವನನ್ನು ಹೂಳಿದ್ದು ಹಾಲಿವುಡ್ ಫಾರೆವರ್ ಎಂಬ ಶ್ಮಶಾನದಲ್ಲಿ. ಕಲ್ಲಿನ ಮೇಲೆ ಕೆತ್ತಿಸಿರುವುದರಲ್ಲಿ ಒಂದು ಸಣ್ಣ ಮಾತು, ಯಾರೋ ಹರಟೆಯ ನಡುವೆ ಎದ್ದು ಹೊರಟಂತೆ ಇದೆ: ಸರಿ, ನಾನಿನ್ನು ಹೋಗಬೇಕು ಎಂದು ಅದರ ತಾತ್ಪರ್ಯ. ನಮ್ಮ ಮನೆಗಳಲ್ಲಿ ಹಾಗೆ ಹೇಳಿ ಹೊಸ್ತಿಲು ದಾಟಲು ಬಿಡುವುದಿಲ್ಲ. 'ಹೋಗುತ್ತೇನೆ' ಎಂದರೆ ಅಜ್ಜಿ ತಡೆದು ನಿಲ್ಲಿಸಿ 'ಹೋಗಿ ಬರುತ್ತೇನೆ ಅನ್ನಪ್ಪ' ಎಂದು ತಿದ್ದುತ್ತಾಳೆ. ಆ ಕಲ್ಲನ್ನು ಯಾರೂ ತಿದ್ದಿಲ್ಲ.